ಗಳಿಸಿದ್ದು, ಒಪ್ಪಿದ್ದು, ಬಳಕೆಗೆ ಬಂದದ್ದು: ಕಾಲೇಜು ಕ್ರೆಡಿಟ್ ಮತ್ತು ಸರಾಸರಿಯ ಒಂದು ಪಾಠ

ಪೀಠಿಕೆ

ಹತ್ತನೇ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರ ಘಟಕವನ್ನು ಬೋಧಿಸುವಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಪರೀಕ್ಷೆಯ ಅಂಕಗಳು, ಕುಟುಂಬದ ಸದಸ್ಯರ ಸಂಖ್ಯೆ, ಮಳೆಯ ಪ್ರಮಾಣ ಇಂಥ ದತ್ತಾಂಶಗಳನ್ನೇ ತೆಗೆದುಕೊಳ್ಳುತ್ತೇವೆ. ಮಕ್ಕಳು ಗುಣಿಸುತ್ತಾರೆ, ಕೂಡುತ್ತಾರೆ, ಭಾಗಿಸುತ್ತಾರೆ. ಉತ್ತರವೂ ಸರಿಯಾಗಿ ಬರುತ್ತದೆ. ಆದರೆ ಆವೃತ್ತಿಗಳ ಮೊತ್ತದಿಂದಲೇ ಏಕೆ ಭಾಗಿಸಬೇಕು ಎಂದು ಕೇಳಿದರೆ ‘ಸೂತ್ರ ಹಾಗಿದೆ ಮಿಸ್’ ಎಂಬ ಉತ್ತರ ಸಿಗುತ್ತದೆ. ಬೋಧನಾಭ್ಯಾಸದ ಮೊದಲ ಹಂತದಲ್ಲಿ ನಾನು ಈ ಉತ್ತರವನ್ನು ಹಲವು ಬಾರಿ ಕೇಳಿದೆ. ಎರಡನೇ ಹಂತದಲ್ಲಿ ಅದೇ ಘಟಕ ಮತ್ತೆ ನನ್ನ ಪಾಲಿಗೆ ಬಂದಾಗ ಬೇರೊಂದು ಸಂದರ್ಭವನ್ನು ಆರಿಸಿಕೊಂಡೆ. ಅದು ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳು ಶಾಲೆಯಲ್ಲಿರುವಾಗಲೇ ಗಳಿಸುವ ಕಾಲೇಜು ಕ್ರೆಡಿಟ್‌ಗಳು ಮತ್ತು ಅವುಗಳನ್ನು ವಿಶ್ವವಿದ್ಯಾಲಯಕ್ಕೆ ವರ್ಗಾಯಿಸುವ ಬಗೆ.

ಈ ಸಂದರ್ಭ ಸಿಕ್ಕಿದ್ದು ಮನೆಯ ಮಾತಿನಿಂದ. ನನ್ನ ದೊಡ್ಡಮ್ಮನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಅವಳ ಮಗಳು ಅಲ್ಲಿ ಹನ್ನೊಂದನೇ ತರಗತಿ. ‘ನೀನು ಬಿ.ಇಡಿ. ಮಾಡ್ತಿದೀಯಲ್ಲ, ಇವಳು ಶಾಲೆಯಲ್ಲೇ ಕಾಲೇಜು ಕೋರ್ಸ್ ತಗೊಂಡ್ರೆ ಮುಂದೆ ಒಂದು ವರ್ಷ ಉಳಿಯುತ್ತೆ ಅಂತಾರೆ, ನಿಜವಾ?’ ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಓದುತ್ತಾ ಹೋದಂತೆ ಅವಳ ಪ್ರಶ್ನೆಯೂ ನನ್ನ ತರಗತಿಯ ಪ್ರಶ್ನೆಯೂ ಒಂದೇ ಎನ್ನಿಸಿತು: ಎಷ್ಟರಲ್ಲಿ ಎಷ್ಟು? ಭಾಜಕ ಯಾವುದು?

ಈ ಲೇಖನದಲ್ಲಿ ಮೊದಲು ವಿಷಯದ ಹಿನ್ನೆಲೆ, ನಂತರ ಪಾಠ ನಡೆದ ಬಗೆ, ಅದರಲ್ಲಿ ನಾನು ಮಾಡಿದ ಒಂದು ತಪ್ಪು, ಕೊನೆಯಲ್ಲಿ ನಮ್ಮ ರಾಜ್ಯದ ಮಕ್ಕಳಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ಬರೆದಿದ್ದೇನೆ.

ಕ್ರೆಡಿಟ್ ಎಂದರೇನು?

ಕ್ರೆಡಿಟ್ ಎಂಬುದು ಕಲಿಕೆಗೆ ವಿನಿಯೋಗಿಸಿದ ಸಮಯದ ಅಳತೆ. ಅದು ಅಂಕವಲ್ಲ. ಅಮೆರಿಕದಲ್ಲಿ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ತರಗತಿ, ಜೊತೆಗೆ ಕನಿಷ್ಠ ಎರಡು ಗಂಟೆ ತರಗತಿಯ ಹೊರಗಿನ ಅಭ್ಯಾಸ. ಅಂದರೆ ಒಂದು ಕ್ರೆಡಿಟ್‌ಗೆ ಸುಮಾರು 45 ಗಂಟೆಗಳ ಕಲಿಕೆ. ಸಾಮಾನ್ಯ ಕೋರ್ಸ್‌ಗೆ 3 ಕ್ರೆಡಿಟ್, ಪ್ರಯೋಗಾಲಯವಿರುವ ವಿಜ್ಞಾನ ಕೋರ್ಸ್‌ಗೆ ಹೆಚ್ಚಾಗಿ 4 ಕ್ರೆಡಿಟ್. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು.

ಕೆಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್ ಪದ್ಧತಿ ಇದೆ. ಅಲ್ಲಿನ ಒಂದು ಕ್ರೆಡಿಟ್ ಸೆಮಿಸ್ಟರ್ ಕ್ರೆಡಿಟ್‌ನ ಮೂರನೇ ಎರಡು ಭಾಗಕ್ಕೆ ಸಮ. ಆದ್ದರಿಂದ 45 ಕ್ವಾರ್ಟರ್ ಕ್ರೆಡಿಟ್ ತಂದವರಿಗೆ 30 ಸೆಮಿಸ್ಟರ್ ಕ್ರೆಡಿಟ್ ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ಏನೂ ಕಳೆದುಹೋಗಿಲ್ಲ. ಮಾನ ಬದಲಾಗಿದೆ, ಅಷ್ಟೆ. ಕಿಲೋಮೀಟರನ್ನು ಮೈಲಿಗೆ ಪರಿವರ್ತಿಸಿದ ಹಾಗೆ.

ಶಾಲೆಯಲ್ಲಿದ್ದೇ ಕಾಲೇಜು ಕ್ರೆಡಿಟ್ ಗಳಿಸುವ ಎರಡು ದಾರಿಗಳು

ಮೊದಲನೆಯದು ಡ್ಯುಯಲ್ ಎನ್ರೋಲ್‌ಮೆಂಟ್. ಟೆಕ್ಸಾಸ್‌ನಲ್ಲಿ ಇದಕ್ಕೆ ಡ್ಯುಯಲ್ ಕ್ರೆಡಿಟ್ ಎನ್ನುತ್ತಾರೆ. ಪ್ರೌಢಶಾಲೆಯ ವಿದ್ಯಾರ್ಥಿ ಹತ್ತಿರದ ಕಾಲೇಜಿನ, ಹೆಚ್ಚಾಗಿ ಕಮ್ಯುನಿಟಿ ಕಾಲೇಜಿನ, ಕೋರ್ಸ್‌ಗೆ ದಾಖಲಾಗಿ ಓದುತ್ತಾನೆ. ಅದೇ ಕೋರ್ಸ್ ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಸೇರುತ್ತದೆ. ಇದನ್ನು ರಾಜ್ಯ ಮಟ್ಟದ ಕಾನೂನಾಗಿ ಮೊದಲು ತಂದದ್ದು ಮಿನ್ನೆಸೋಟ ರಾಜ್ಯ, 1985ರಲ್ಲಿ. ಇಲ್ಲಿ ಕೋರ್ಸ್‌ನುದ್ದಕ್ಕೂ ಓದಿ ಪಡೆದ ಗ್ರೇಡ್ ಮುಖ್ಯ.

ಎರಡನೆಯದು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ. ಇದನ್ನು 1955ರಿಂದ ನಡೆಸಿಕೊಂಡು ಬರುತ್ತಿರುವ ಸಂಸ್ಥೆ ಕಾಲೇಜ್ ಬೋರ್ಡ್. ಶಾಲೆಯಲ್ಲೇ ಕಾಲೇಜು ಮಟ್ಟದ ಪಠ್ಯವನ್ನು ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆಯಬೇಕು. ಅಂಕ 1ರಿಂದ 5ರವರೆಗೆ. ಇಲ್ಲಿ ಆ ಒಂದು ಪರೀಕ್ಷೆಯೇ ಮುಖ್ಯ. ಈ ಪರೀಕ್ಷೆಯನ್ನು ಭಾರತದ ಕೇಂದ್ರಗಳಲ್ಲೂ ಬರೆಯಬಹುದು.

ಎರಡರಲ್ಲೂ ಒಂದು ಅಂಶ ಸಮಾನ. ಕ್ರೆಡಿಟ್ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯ. ಎಪಿ ಪರೀಕ್ಷೆಯಲ್ಲಿ 3 ಬಂದರೆ ಕ್ರೆಡಿಟ್ ಕೊಡಬೇಕೆಂದು ಫ್ಲಾರಿಡಾದಂಥ ಕೆಲವು ರಾಜ್ಯಗಳು ತಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡಿವೆ. ಪ್ರವೇಶ ಕಠಿಣವಾಗಿರುವ ಅನೇಕ ವಿಶ್ವವಿದ್ಯಾಲಯಗಳು 4 ಅಥವಾ 5 ಕೇಳುತ್ತವೆ. ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಪಡೆಯಲಿದ್ದ ತಂಡದಿಂದ ಎಪಿಗೆ ಪದವಿ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು. ಒಂದೇ ಅಂಕ ಒಂದು ಕಡೆ ಒಂದು ಕೋರ್ಸ್‌ಗೆ ಸಮ, ಇನ್ನೊಂದು ಕಡೆ ಸೊನ್ನೆ.

ವರ್ಗಾವಣೆ ನಡೆಯುವ ಕ್ರಮ

ಕ್ರೆಡಿಟ್ ತಾನಾಗಿ ವಿದ್ಯಾರ್ಥಿಯ ಹಿಂದೆ ಬರುವುದಿಲ್ಲ. ಡ್ಯುಯಲ್ ಕ್ರೆಡಿಟ್ ತೆಗೆದುಕೊಂಡವರು, ಕೋರ್ಸ್ ನಡೆಸಿದ ಕಾಲೇಜಿನಿಂದ ಅಧಿಕೃತ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಕಳುಹಿಸಬೇಕು. ಪ್ರೌಢಶಾಲೆಯ ಅಂಕಪಟ್ಟಿಯಲ್ಲಿ ಆ ಕೋರ್ಸ್‌ನ ಹೆಸರಿದ್ದರೂ ಅದು ಸಾಲುವುದಿಲ್ಲ. ಎಪಿ ಆದರೆ ಕಾಲೇಜ್ ಬೋರ್ಡ್ ಮೂಲಕ ಅಂಕ ಕಳುಹಿಸಬೇಕು.

ನಂತರ ವಿಶ್ವವಿದ್ಯಾಲಯ ಪ್ರತಿ ಕೋರ್ಸನ್ನೂ ತನ್ನ ಕೋರ್ಸ್‌ಗಳೊಂದಿಗೆ ಹೋಲಿಸುತ್ತದೆ. ಸಮಾನ ಕೋರ್ಸ್ ಇದ್ದರೆ ಅದರ ಹೆಸರಿಗೇ ಬರೆದುಕೊಳ್ಳುತ್ತದೆ. ಇಲ್ಲದಿದ್ದರೆ ‘ಐಚ್ಛಿಕ’ ಎಂದು ಬರೆದುಕೊಳ್ಳಬಹುದು, ತಿರಸ್ಕರಿಸಲೂಬಹುದು. ತಿರಸ್ಕರಿಸಿದಾಗ ವಿದ್ಯಾರ್ಥಿ ಮರುಪರಿಶೀಲನೆ ಕೇಳಬಹುದು. ಆಗ ಬೇಕಾಗುವುದು ಕೋರ್ಸ್‌ನ ಪಠ್ಯಕ್ರಮ, ಅಂದರೆ ಯಾವ ವಾರ ಯಾವ ಪಾಠ, ಯಾವ ಪುಸ್ತಕ, ಎಷ್ಟು ಗಂಟೆ ಎಂಬ ಪತ್ರ. ಕೋರ್ಸ್ ಮುಗಿದ ದಿನವೇ ಅದನ್ನು ಎಸೆದವರು ಎರಡು ವರ್ಷದ ನಂತರ ಹುಡುಕಾಡಬೇಕಾಗುತ್ತದೆ.

ಒಂದೇ ವಿಷಯಕ್ಕೆ ಎಪಿಯೂ ಇದ್ದು ಡ್ಯುಯಲ್ ಕ್ರೆಡಿಟ್ಟೂ ಇದ್ದರೆ ಒಮ್ಮೆ ಮಾತ್ರ ಲೆಕ್ಕ. ಹೊರಗಿನಿಂದ ಎಷ್ಟೇ ತಂದರೂ ಪದವಿಯ ನಿಗದಿತ ಕ್ರೆಡಿಟ್‌ಗಳನ್ನು ಪದವಿ ಕೊಡುವ ವಿಶ್ವವಿದ್ಯಾಲಯದಲ್ಲೇ ಗಳಿಸಬೇಕೆಂಬ ನಿಯಮವೂ ಸಾಮಾನ್ಯ.

ಈ ತೊಡಕನ್ನು ಕಡಿಮೆ ಮಾಡಲು ಕೆಲವು ರಾಜ್ಯಗಳು ವ್ಯವಸ್ಥೆ ಮಾಡಿಕೊಂಡಿವೆ. ಟೆಕ್ಸಾಸ್‌ನ ಸಾರ್ವಜನಿಕ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ 42 ಕ್ರೆಡಿಟ್‌ಗಳ ಒಂದು ಸಾಮಾನ್ಯ ಪಠ್ಯಭಾಗವಿದೆ. ಅದನ್ನು ಒಂದು ಕಡೆ ಪೂರ್ಣಗೊಳಿಸಿದರೆ ಇನ್ನೊಂದು ಕಡೆ ಇಡಿಯಾಗಿ ಒಪ್ಪಬೇಕು. ಫ್ಲಾರಿಡಾದಲ್ಲಿ ಕೋರ್ಸ್‌ಗಳಿಗೆ ರಾಜ್ಯವ್ಯಾಪಿ ಒಂದೇ ಸಂಖ್ಯಾಕ್ರಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸ್ ರಾಜ್ಯದ ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂದು ತೋರಿಸುವ ‘ಅಸಿಸ್ಟ್’ ಎಂಬ ಸಾರ್ವಜನಿಕ ಪಟ್ಟಿ ಇದೆ. ಆದರೆ ಒಂದು ರಾಜ್ಯದ ಈ ಏರ್ಪಾಡು ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯವನ್ನು ಕಟ್ಟಿಹಾಕುವುದಿಲ್ಲ.

ಕಾಲೇಜಿನಿಂದ ಕಾಲೇಜಿಗೆ ಹೋದವರ ವಿಷಯದಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಹಾಗೆ ವರ್ಗಾವಣೆಗೊಂಡವರು ಸರಾಸರಿ ಶೇಕಡ 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಅದರ ಅಂದಾಜು. ಅದು ಶಾಲಾ ವಿದ್ಯಾರ್ಥಿಗಳ ಲೆಕ್ಕವಲ್ಲ. ಆದರೂ ‘ಗಳಿಸಿದ್ದೆಲ್ಲ ಬರುತ್ತದೆ’ ಎಂಬ ನಂಬಿಕೆ ಎಷ್ಟು ಸಡಿಲ ಎಂಬುದನ್ನು ತೋರಿಸುತ್ತದೆ.

ಪಾಠ ಯೋಜನೆ

ತರಗತಿ: ಹತ್ತು. ಘಟಕ: ಸಂಖ್ಯಾಶಾಸ್ತ್ರ. ಉಪಘಟಕ: ಆವೃತ್ತಿ ವಿತರಣೆಯ ಸರಾಸರಿ, ನೇರ ವಿಧಾನ. ಅವಧಿ: 40 ನಿಮಿಷ. ಬೋಧನೋಪಕರಣ: ಚಾರ್ಟ್ ಮತ್ತು ಕಪ್ಪು ಹಲಗೆ.

ನಿರೀಕ್ಷಿತ ಕಲಿಕಾ ಫಲಗಳು: (1) ಸರಳ ಸರಾಸರಿ ಮತ್ತು ಆವೃತ್ತಿಯುಳ್ಳ ಸರಾಸರಿಯ ವ್ಯತ್ಯಾಸವನ್ನು ವಿದ್ಯಾರ್ಥಿ ಹೇಳುವನು. (2) ಕೋಷ್ಟಕ ರಚಿಸಿ ಸರಾಸರಿ ಕಂಡುಹಿಡಿಯುವನು. (3) ಒಂದು ಸಂಖ್ಯೆಯನ್ನು ಭಾಜಕದಲ್ಲಿ ಸೇರಿಸಬೇಕೇ ಬೇಡವೇ ಎಂಬುದಕ್ಕೆ ಕಾರಣ ಕೊಡುವನು.

ಮೂರನೆಯ ಫಲವನ್ನು ನಾನು ಯೋಜನೆಯಲ್ಲಿ ಬರೆದಿದ್ದೆ. ಆದರೆ ಅದನ್ನು ನನಗೇ ಕಲಿಸಿದವರು ಮಕ್ಕಳು.

ಪಾಠ ನಡೆದ ಬಗೆ

ತೊಡಗಿಸುವಿಕೆಯ ಹಂತದಲ್ಲಿ ಕೇಳಿದೆ: ‘ನಿಮ್ಮ ವಯಸ್ಸಿನ ಒಬ್ಬ ಹುಡುಗಿ ಶಾಲೆಗೂ ಹೋಗ್ತಾಳೆ, ಅದೇ ಹೊತ್ತಿಗೆ ಕಾಲೇಜಿನ ಪಾಠವನ್ನೂ ಓದ್ತಾಳೆ. ಹೇಗೆ?’ ಮಕ್ಕಳು ಟ್ಯೂಷನ್ ಅಂದರು, ಆನ್‌ಲೈನ್ ಅಂದರು. ಹಿಂದಿನ ಬೆಂಚಿನಿಂದ ‘ಹುಷಾರಿರಬೇಕು ಮಿಸ್’ ಎಂದು ಬಂತು. ಐದು ನಿಮಿಷದಲ್ಲಿ ಕ್ರೆಡಿಟ್ ಎಂದರೇನೆಂದು ಹೇಳಿ ಚಾರ್ಟ್ ತೂಗುಹಾಕಿದೆ. ಪಾಠಕ್ಕಾಗಿ ನಾನೇ ರಚಿಸಿಕೊಂಡ ಒಂದು ಸೆಮಿಸ್ಟರ್‌ನ ಫಲಿತಾಂಶ ಅದರಲ್ಲಿತ್ತು. ಗ್ರೇಡ್ ಎ ಎಂದರೆ 4, ಬಿ ಎಂದರೆ 3, ಸಿ ಎಂದರೆ 2.

ಕಲನಶಾಸ್ತ್ರ: ಗ್ರೇಡ್ ಬೆಲೆ 3, ಕ್ರೆಡಿಟ್ 4, ಗುಣಲಬ್ಧ 12
ರಸಾಯನಶಾಸ್ತ್ರ: ಗ್ರೇಡ್ ಬೆಲೆ 2, ಕ್ರೆಡಿಟ್ 4, ಗುಣಲಬ್ಧ 8
ಕಂಪ್ಯೂಟರ್: ಗ್ರೇಡ್ ಬೆಲೆ 4, ಕ್ರೆಡಿಟ್ 3, ಗುಣಲಬ್ಧ 12
ಸಾಹಿತ್ಯ: ಗ್ರೇಡ್ ಬೆಲೆ 3, ಕ್ರೆಡಿಟ್ 3, ಗುಣಲಬ್ಧ 9
ಒಟ್ಟು ಕ್ರೆಡಿಟ್ 14, ಗುಣಲಬ್ಧಗಳ ಮೊತ್ತ 41

ಚಾರ್ಟ್‌ನಲ್ಲಿ ಗುಣಲಬ್ಧದ ಕಂಬಸಾಲನ್ನು ಖಾಲಿ ಬಿಟ್ಟಿದ್ದೆ. ಮೊದಲು ಮಕ್ಕಳು ಗ್ರೇಡ್ ಬೆಲೆಗಳನ್ನಷ್ಟೇ ಕೂಡಿ 4ರಿಂದ ಭಾಗಿಸಿದರು: 12 ÷ 4 = 3. ‘ನಾಲ್ಕು ಗಂಟೆಯ ರಸಾಯನಶಾಸ್ತ್ರಕ್ಕೂ ಮೂರು ಗಂಟೆಯ ಸಾಹಿತ್ಯಕ್ಕೂ ಒಂದೇ ತೂಕ ಕೊಡೋಣವೇ?’ ಎಂದೆ. ಬೇಡ ಎಂದರು. ಕ್ರೆಡಿಟ್ ಸಂಖ್ಯೆ ಅಂದರೆ ಆ ಬೆಲೆ ಎಷ್ಟು ಬಾರಿ ಬಂದಿದೆ ಎಂದು ಒಬ್ಬಳು ಹೇಳಿದಳು. ಅದೇ ಆವೃತ್ತಿ. ಮಕ್ಕಳೇ ಗುಣಲಬ್ಧಗಳನ್ನು ತುಂಬಿದರು. 41ನ್ನು 14ರಿಂದ ಭಾಗಿಸಿ 2.93 ಎಂದು ಬರೆದರು. ರಸಾಯನಶಾಸ್ತ್ರದ ಕಡಿಮೆ ಗ್ರೇಡ್‌ಗೆ ಹೆಚ್ಚು ತೂಕವಿರುವುದರಿಂದ ಸರಾಸರಿ 3ಕ್ಕಿಂತ ಇಳಿಯಿತು ಎಂಬ ಕಾರಣವನ್ನೂ ಕೊಟ್ಟರು. ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು.

ನಾನು ಮಾಡಿದ ತಪ್ಪು

ವಿಸ್ತರಣೆಯ ಹಂತದಲ್ಲಿ ಹೇಳಿದೆ: ‘ಈ ಹುಡುಗಿ ಶಾಲೆಯಲ್ಲಿದ್ದಾಗಲೇ 12 ಕ್ರೆಡಿಟ್ ಗಳಿಸಿದ್ದಳು. ಇಂಗ್ಲಿಷ್‌ನ ಎರಡು ಕೋರ್ಸ್, ಇತಿಹಾಸ ಒಂದು, ಬೀಜಗಣಿತ ಒಂದು. ಎಲ್ಲವೂ ಮೂರು ಮೂರು ಕ್ರೆಡಿಟ್. ವಿಶ್ವವಿದ್ಯಾಲಯ 12ನ್ನೂ ಒಪ್ಪಿತು. ಗ್ರೇಡ್ ಮಾತ್ರ ಬರುವುದಿಲ್ಲ, ಕ್ರೆಡಿಟ್ ಬರುತ್ತದೆ. ಈಗ ಸರಾಸರಿ ಎಷ್ಟು?’ ಹೀಗೆ ಹೇಳಿ ಕಪ್ಪು ಹಲಗೆಯಲ್ಲಿ 41 ÷ 26 ಎಂದು ಬರೆದೆ. ಉತ್ತರ 1.58.

ತರಗತಿ ಬರೆದುಕೊಂಡಿತು. ಎರಡನೇ ಸಾಲಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಕೇಳಿದಳು: ‘ಮಿಸ್, ಅವಳು ಮೊದಲೇ ಓದಿಕೊಂಡು ಬಂದಿದ್ದಕ್ಕೆ ಮಾರ್ಕ್ಸ್ ಕಮ್ಮಿ ಆಗುತ್ತಾ? ಓದಿದ್ದು ತಪ್ಪಾ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರ ಕಡೆ ನೋಡಿದೆ. ಅವರು ಸುಮ್ಮನಿದ್ದರು. ಇನ್ನೊಬ್ಬ ಹುಡುಗ ಎದ್ದು, ‘ಗ್ರೇಡೂ ತಂದ್ರೆ ಸರಿಹೋಗುತ್ತೆ ಮಿಸ್’ ಎಂದ. ಹಾಗಾದರೆ ಮಾಡಿ ನೋಡೋಣ ಎಂದು, ಇಂಗ್ಲಿಷ್ ಎರಡಕ್ಕೂ ಎ, ಇತಿಹಾಸ ಮತ್ತು ಬೀಜಗಣಿತಕ್ಕೆ ಬಿ ಎಂದುಕೊಂಡೆವು. 12, 12, 9, 9 ಕೂಡಿದರೆ 42. ಆಗ (41 + 42) ÷ 26 = 83 ÷ 26 = 3.19. ಈಗ ಕಪ್ಪು ಹಲಗೆಯಲ್ಲಿ ಒಂದೇ ಹುಡುಗಿಗೆ ಮೂರು ಸರಾಸರಿಗಳಿದ್ದವು: 2.93, 1.58, 3.19.

ಆಗ ನನ್ನ ತಪ್ಪು ನನಗೆ ಕಂಡಿತು. 12 ಕ್ರೆಡಿಟ್‌ಗಳನ್ನು ಭಾಜಕದಲ್ಲಿ ಸೇರಿಸಿ, ಅವುಗಳ ಗ್ರೇಡನ್ನು ಭಾಜ್ಯದಲ್ಲಿ ಬಿಟ್ಟಿದ್ದೆ. ಅಂದರೆ ಆ 12ಕ್ಕೂ ಸೊನ್ನೆ ಗ್ರೇಡ್ ಕೊಟ್ಟ ಹಾಗಾಯಿತು. ಬೆಲೆ ಗೊತ್ತಿಲ್ಲದಿರುವುದಕ್ಕೂ ಬೆಲೆ ಸೊನ್ನೆ ಆಗಿರುವುದಕ್ಕೂ ವ್ಯತ್ಯಾಸವಿದೆ. ಪರೀಕ್ಷೆಗೆ ಬಾರದ ಮಗುವಿನ ಹೆಸರಿನ ಮುಂದೆ ‘ಗೈರು’ ಎಂದು ಬರೆಯುತ್ತೇವೆ. ತರಗತಿಯ ಸರಾಸರಿಯಲ್ಲಿ ಆ ಮಗುವನ್ನು ಸೊನ್ನೆ ಎಂದು ಸೇರಿಸುವುದಿಲ್ಲ. ಈ ಹೋಲಿಕೆ ಹೇಳಿದ ಕೂಡಲೇ ಮಕ್ಕಳಿಗೆ ವಿಷಯ ತಿಳಿಯಿತು. ಕಪ್ಪು ಹಲಗೆಯ 1.58ನ್ನು ಆ ಹುಡುಗಿಯ ಕೈಯಲ್ಲೇ ಅಳಿಸಿದೆ.

ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಹೊರಗಿನಿಂದ ಬಂದ ಕ್ರೆಡಿಟ್ ಪದವಿಯ 120ರ ಲೆಕ್ಕಕ್ಕೆ ಸೇರುತ್ತದೆ, ಆ ವಿಶ್ವವಿದ್ಯಾಲಯದ ಗ್ರೇಡ್ ಸರಾಸರಿಯ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಎರಡು ಭಾಜಕಗಳು ಬೇಕು. ಎಷ್ಟು ದಾರಿ ಸಾಗಿದ್ದಾಳೆ ಎಂಬುದಕ್ಕೆ 26/120, ಅಂದರೆ ಸುಮಾರು ಶೇಕಡ 21.7. ಹೇಗೆ ಓದಿದ್ದಾಳೆ ಎಂಬುದಕ್ಕೆ 41/14, ಅಂದರೆ 2.93. ಒಂದು ಪ್ರಶ್ನೆಯ ಭಾಜಕವನ್ನು ಇನ್ನೊಂದು ಪ್ರಶ್ನೆಗೆ ಹಾಕಿದ್ದು ನನ್ನ ತಪ್ಪು.

ಹಾಗೆಂದು ಶಾಲೆಯಲ್ಲಿ ಪಡೆದ ಗ್ರೇಡ್ ಅಳಿಸಿಹೋಗುವುದಿಲ್ಲ. ಅದು ಕೋರ್ಸ್ ನಡೆಸಿದ ಕಾಲೇಜಿನ ಅಂಕಪಟ್ಟಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಬಳಸುವ ಕೇಂದ್ರೀಕೃತ ಅರ್ಜಿ ಸೇವೆ, ಶಾಲಾ ದಿನಗಳಲ್ಲಿ ಓದಿದ ಕಾಲೇಜು ಕೋರ್ಸ್‌ಗಳ ಗ್ರೇಡನ್ನೂ ಸರಾಸರಿಗೆ ಸೇರಿಸುತ್ತದೆ. ಹದಿನಾರನೇ ವಯಸ್ಸಿನಲ್ಲಿ ತಯಾರಿಯಿಲ್ಲದೆ ತೆಗೆದುಕೊಂಡ ಕೋರ್ಸ್‌ನ ಸಿ ಗ್ರೇಡ್ ಇಪ್ಪತ್ತೊಂದನೇ ವಯಸ್ಸಿನಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಭಾಜಕ ಬೇರೆ.

ಮೂರನೆಯ ಎಣಿಕೆ

ಅವಧಿ ಮುಗಿಯಲು ಎಂಟು ನಿಮಿಷವಿತ್ತು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ಈ ಹುಡುಗಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಲ್ಲಿ ಗಣಿತ ಕಲನಶಾಸ್ತ್ರದಿಂದ ಶುರುವಾಗುತ್ತದೆ. ಶಾಲೆಯಲ್ಲಿ ಓದಿದ ಬೀಜಗಣಿತಕ್ಕೆ ಆ ಪದವಿಯಲ್ಲಿ ಜಾಗವಿಲ್ಲ. ಅವಳು ಇನ್ನೂ ಎಷ್ಟು ಕ್ರೆಡಿಟ್ ಓದಬೇಕು?’

ಹೆಚ್ಚಿನವರು 120ರಿಂದ 26 ಕಳೆದು 94 ಎಂದರು. ಕೆಲವರು ಬೀಜಗಣಿತದ 3 ಬಿಟ್ಟು 97 ಎಂದರು. 97 ಸರಿ. ಒಪ್ಪಿದ 12ರಲ್ಲಿ ಪದವಿಯ ಕೆಲಸಕ್ಕೆ ಬಂದದ್ದು 9 ಮಾತ್ರ. ಅಂಕಪಟ್ಟಿಯಲ್ಲಿ 12 ಎಂದೇ ಇರುತ್ತದೆ, ಯಾರೂ ಸುಳ್ಳು ಹೇಳಿಲ್ಲ. ಆದರೂ ಆ 3 ಕ್ರೆಡಿಟ್‌ಗಳಿಂದ ಒಂದು ದಿನವೂ ಉಳಿಯಲಿಲ್ಲ.

ಇದು ಅಕ್ಕನ ಪ್ರಶ್ನೆಗೂ ಉತ್ತರವಾಯಿತು. ಗಳಿಸಿದ ಕ್ರೆಡಿಟ್ ಒಂದು ಎಣಿಕೆ, ವಿಶ್ವವಿದ್ಯಾಲಯ ಒಪ್ಪಿದ ಕ್ರೆಡಿಟ್ ಇನ್ನೊಂದು, ಪದವಿಯ ಅಗತ್ಯಕ್ಕೆ ಬಳಕೆಯಾದ ಕ್ರೆಡಿಟ್ ಮೂರನೆಯದು. ವರ್ಷ ಉಳಿಯುತ್ತದೆಯೇ ಎಂಬುದು ಮೂರನೆಯ ಎಣಿಕೆಯಿಂದ ತೀರ್ಮಾನವಾಗುತ್ತದೆ. ಕೋರ್ಸ್ ಸೇರುವ ಮುನ್ನ ಶಾಲೆಗಳು ಹೇಳುವುದು ಮೊದಲನೆಯದನ್ನು. ಅಕ್ಕನಿಗೆ ಇಷ್ಟನ್ನೇ ಹೇಳಿದೆ. ಅವಳ ಮಗಳು ಎಂಜಿನಿಯರಿಂಗ್ ಬಯಸಿದ್ದರಿಂದ ಇಂಗ್ಲಿಷ್ ಮತ್ತು ಇತಿಹಾಸವನ್ನು ಡ್ಯುಯಲ್ ಕ್ರೆಡಿಟ್ ಆಗಿ ತೆಗೆದುಕೊಂಡು, ಗಣಿತದಲ್ಲಿ ಶಾಲೆಯ ಎಪಿ ಕಲನಶಾಸ್ತ್ರದ ಕಡೆ ಹೋಗಲು ತೀರ್ಮಾನಿಸಿದಳು. ಪ್ರತಿ ಕೋರ್ಸ್‌ನ ಪಠ್ಯಕ್ರಮದ ಪ್ರತಿಯನ್ನು ಒಂದು ಫೈಲಿನಲ್ಲಿ ಇಡುತ್ತಿದ್ದಾಳೆ.

ನಮ್ಮ ಮಕ್ಕಳಿಗೆ ಇದರಿಂದೇನು?

ಪಾಠ ಮುಗಿದು ಹೊರಬರುವಾಗ ಒಬ್ಬ ಹುಡುಗ ಬಾಗಿಲ ಬಳಿ ನಿಂತಿದ್ದ. ‘ಮಿಸ್, ನಾನು ಪಿಯುಸಿ ಬಿಟ್ಟು ಡಿಪ್ಲೊಮಾಗೆ ಹೋದ್ರೆ ಒಂದು ವರ್ಷ ವೇಸ್ಟ್ ಆಗುತ್ತೆ ಅಂತ ನಮ್ಮ ಮಾವ ಹೇಳ್ತಾರೆ. ಹೌದಾ?’ ಎಂದ. ಅಮೆರಿಕದ ಹುಡುಗಿಯ ಲೆಕ್ಕ ಕೇಳಿ ಅವನಿಗೆ ತನ್ನ ಲೆಕ್ಕ ನೆನಪಾಗಿತ್ತು.

ಸ್ಟಾಫ್ ರೂಮಿನಲ್ಲಿ ಕೂತು ಇಬ್ಬರೂ ಬರೆದೆವು. ಎಸ್‌ಎಸ್‌ಎಲ್‌ಸಿ ನಂತರ ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಎಸ್‌ಎಸ್‌ಎಲ್‌ಸಿ ನಂತರ ಡಿಪ್ಲೊಮಾ 3 ವರ್ಷ, ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಅಲ್ಲಿ 3 ವರ್ಷ, ಒಟ್ಟು 6. ವರ್ಷ ನಷ್ಟವಾಗುವುದಿಲ್ಲ. ಲೆಕ್ಕ ಅಲ್ಲಿಗೆ ಮುಗಿಯುವುದೂ ಇಲ್ಲ. ಡಿಸಿಇಟಿಯಲ್ಲಿ ಸೀಟು ಸಿಗಬೇಕು, ಬೇಕಾದ ಶಾಖೆ ಸಿಗಬೇಕು. ಡಿಪ್ಲೊಮಾದ ಗಣಿತಕ್ಕೂ ಬಿ.ಇ. ಮೊದಲ ವರ್ಷದ ಗಣಿತಕ್ಕೂ ಅಂತರವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಹೀಗೆ ಬಂದವರಿಗೆ ಹೆಚ್ಚುವರಿ ಗಣಿತದ ಕೋರ್ಸ್‌ಗಳನ್ನು ಕಡ್ಡಾಯ ಮಾಡಿದ್ದರು. ಅವು ಕ್ರೆಡಿಟ್ ಇಲ್ಲದ ಕೋರ್ಸ್‌ಗಳು. ಒಂದು ವರ್ಷವನ್ನು ಒಪ್ಪಿದರು, ಅಂತರವನ್ನು ಮಾತ್ರ ವಿದ್ಯಾರ್ಥಿ ತಾನೇ ತುಂಬಬೇಕಾಯಿತು. ಹುಡುಗ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ‘ಮಾವನಿಗೆ ತೋರಿಸ್ತೀನಿ’ ಎಂದ.

ಈಗ ನಮ್ಮಲ್ಲೂ ಕ್ರೆಡಿಟ್ ಎಂಬ ಪದ ಶಾಲೆಯ ಹತ್ತಿರ ಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 2021ರ ಜುಲೈನಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ಹೊರಡಿಸಿತು. ಆ ನಿಯಮಗಳ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ ವಿದ್ಯಾರ್ಥಿಯ ಖಾತೆಯಲ್ಲಿ ಗರಿಷ್ಠ 7 ವರ್ಷ ಉಳಿಯುತ್ತದೆ. ಪದವಿಯ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಪದವಿ ನೀಡುವ ಸಂಸ್ಥೆಯಲ್ಲೇ ಗಳಿಸಿರಬೇಕು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯನ್ನೂ ಇದರೊಳಗೆ ತಂದಿತು. ವರ್ಷಕ್ಕೆ 1200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್, ಅಂದರೆ ಒಂದಕ್ಕೆ 30 ಗಂಟೆ. ಹನ್ನೆರಡನೇ ತರಗತಿಯ ಕೊನೆಗೆ ಹಂತ 4, ಪದವಿಯ ಮೊದಲ ವರ್ಷಕ್ಕೆ ಹಂತ 4.5.

ಇಲ್ಲೂ ಅದೇ ಎಚ್ಚರಿಕೆ ಬೇಕು. ಶಾಲೆಯಲ್ಲಿ ವರ್ಷಕ್ಕೆ 40 ಕ್ರೆಡಿಟ್ ಎಂದಾಕ್ಷಣ ಅವು ಪದವಿಯ ಕ್ರೆಡಿಟ್ ಆಗುವುದಿಲ್ಲ, ಹಂತ ಬೇರೆ. ‘120 ಕ್ರೆಡಿಟ್’ ಎಂಬ ಸಂಖ್ಯೆಯೂ ಎಲ್ಲ ಕಡೆ ಒಂದೇ ಅಲ್ಲ. ಯುಜಿಸಿಯ 2022ರ ಪದವಿ ಚೌಕಟ್ಟಿನಲ್ಲಿ 120 ಎಂದರೆ ಮೂರು ವರ್ಷದ ಪದವಿ, ನಾಲ್ಕು ವರ್ಷಕ್ಕೆ 160. ಅಮೆರಿಕದಲ್ಲಿ 120 ಎಂದರೆ ನಾಲ್ಕು ವರ್ಷ. 30 ಗಂಟೆಯ ಕ್ರೆಡಿಟ್‌ನಲ್ಲಿ 120 × 30 = 3600 ಗಂಟೆ, 45 ಗಂಟೆಯ ಕ್ರೆಡಿಟ್‌ನಲ್ಲಿ 120 × 45 = 5400 ಗಂಟೆ. ಮಾನವನ್ನು ಬರೆಯದೆ ಸಂಖ್ಯೆಯನ್ನು ಹೋಲಿಸಬಾರದೆಂದು ಎಂಟನೇ ತರಗತಿಯಲ್ಲೇ ಕಲಿಸುತ್ತೇವೆ. ಇದು ಅದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ರಾಜ್ಯದಲ್ಲಿ 2021-22ರಿಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಹೀಗೆ ವ್ಯವಸ್ಥೆ ಬದಲಾಗುವಾಗ ಮೊದಲು ಕೇಳಬೇಕಾದದ್ದು ತಾನು ಸೇರಿದ ವರ್ಷಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಆವೃತ್ತಿಯುಳ್ಳ ಸರಾಸರಿಗೆ ನಿಮ್ಮದೇ ಬಿ.ಎಸ್ಸಿ. ಅಥವಾ ಬಿ.ಇಡಿ. ಅಂಕಪಟ್ಟಿಯನ್ನು ಬಳಸಿ. ಕ್ರೆಡಿಟ್ ಆವೃತ್ತಿ, ಗ್ರೇಡ್ ಬೆಲೆ ಪ್ರಾಪ್ತಾಂಕ. ಮಕ್ಕಳಿಗೆ ತಮ್ಮ ಶಿಕ್ಷಕರ ಗ್ರೇಡ್ ಲೆಕ್ಕಹಾಕುವುದರಲ್ಲಿ ವಿಶೇಷ ಆಸಕ್ತಿ.

2. ಸೊನ್ನೆ ಮತ್ತು ಗೈರಿನ ವ್ಯತ್ಯಾಸವನ್ನು ಒಂದು ಪ್ರತ್ಯೇಕ ಲೆಕ್ಕವಾಗಿ ಕೊಡಿ. ನನ್ನಿಂದ ತಪ್ಪಾಗಿ ಬಂದ 41 ÷ 26ನ್ನು ಮುಂದಿನ ಬಾರಿ ಬೇಕೆಂದೇ ಬರೆದು ‘ಇದರಲ್ಲಿ ಏನು ತಪ್ಪು?’ ಎಂದು ಕೇಳುವ ಯೋಚನೆಯಿದೆ.

3. ಉನ್ನತ ಶಿಕ್ಷಣದ ಮಾರ್ಗದರ್ಶನ ಕೇಳಿ ಮಗು ಬಂದರೆ ಮೂರು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆಸಿ. ನಾನು ಓದಿದ್ದು ಎಷ್ಟು? ಮುಂದಿನ ಸಂಸ್ಥೆ ಅದರಲ್ಲಿ ಎಷ್ಟನ್ನು ಒಪ್ಪುತ್ತದೆ? ನಾನು ಬಯಸುವ ಪದವಿಯಲ್ಲಿ ಎಷ್ಟು ಬಳಕೆಯಾಗುತ್ತದೆ? ಎರಡನೆಯ ಮತ್ತು ಮೂರನೆಯ ಉತ್ತರವನ್ನು ಆ ಸಂಸ್ಥೆಯಿಂದಲೇ, ಸಾಧ್ಯವಾದರೆ ಬರವಣಿಗೆಯಲ್ಲಿ ಪಡೆಯಲು ಹೇಳಿ.

4. ಅಂಕಪಟ್ಟಿಯ ಜೊತೆ ಪಠ್ಯಕ್ರಮದ ಪ್ರತಿಯನ್ನೂ ಇಟ್ಟುಕೊಳ್ಳುವ ಅಭ್ಯಾಸ ಮಾಡಿಸಿ.

ಉಪಸಂಹಾರ

ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು ಆ ದಿನ ಬರೆದದ್ದು ಎರಡು ವಾಕ್ಯ: ‘ವಿಷಯ ನಿರೂಪಣೆಯಲ್ಲಿ ದೋಷವಿತ್ತು. ದೋಷವನ್ನು ಮಕ್ಕಳೊಂದಿಗೆ ಸೇರಿ ತಿದ್ದಿಕೊಂಡಿದ್ದು ತೃಪ್ತಿಕರ.’ ಮೊದಲ ವಾಕ್ಯ ಓದಿ ಬೇಸರವಾಗಿತ್ತು. ಆದರೆ ಆ ಹುಡುಗಿ ಪೆನ್ನು ಕೆಳಗಿಡದೆ 1.58ನ್ನು ಬರೆದುಕೊಂಡು ಹೋಗಿದ್ದರೆ ಪಾಠ ಹೊರನೋಟಕ್ಕೆ ಯಶಸ್ವಿಯಾಗಿಯೇ ಕಾಣುತ್ತಿತ್ತು, ಮೂವತ್ತೆಂಟು ನೋಟ್‌ಬುಕ್‌ಗಳಲ್ಲಿ ತಪ್ಪು ಉತ್ತರ ಉಳಿಯುತ್ತಿತ್ತು. ಮುಂದಿನ ವಾರ ಅದೇ ತರಗತಿಯಲ್ಲಿ ಮಧ್ಯಾಂಕ ಬೋಧಿಸಿದೆ. ಲೆಕ್ಕ ಶುರುಮಾಡುವ ಮೊದಲೇ ಅವಳು ಕೈ ಎತ್ತಿದಳು: ‘ಮಿಸ್, ಇದರಲ್ಲಿ ಯಾರನ್ನೆಲ್ಲ ಸೇರಿಸಿದ್ದೀವಿ?’